ತೆನೆ ಹಂಚಿಕೊಂಡ ಅಕ್ಕನಿಗೆ

ಅಕ್ಕ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕಳೆದ ಸೆಪ್ಟೆಂಬರ್ 8, ಮೇರಿ ಮಾತೆಯ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ನಮ್ಮ ಮೊಂತಿ ಫೆಸ್ತ್ ದಿನ. ಮಂಗಳೂರಿನ ಇಗರ್ಜಿ (ಚರ್ಚ್) ಬಾಗಿಲಲ್ಲಿ ನೀಲಿ ಸೀರೆ ಉಟ್ಟು ನಿಂತಿದ್ದಿರಿ.

ಅತ್ತೆ ಹಾಸಿಗೆ ಹಿಡಿದ ಮೇಲೆ ನಾನು ಟೀಚರ್ ಕೆಲಸ ಬಿಟ್ಟಿದ್ದೆ. ಬೆಳಿಗ್ಗೆ ಗಂಜಿ, ಮಾತ್ರೆ, ಬಟ್ಟೆ, ಮತ್ತೆ ಗಂಜಿ. ದೇವರು ನನ್ನನ್ನು ಮರೆತೇಬಿಟ್ಟ ಅನ್ನಿಸುತ್ತಿತ್ತು. ಅವತ್ತು ಅತ್ತೆಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಪೂಜೆ ಮುಗಿದು, ಆಶೀರ್ವಾದ ಮಾಡಿದ ತೆನೆಯೂ ಖಾಲಿಯಾಗಿತ್ತು. ಹೊಸ ಭತ್ತದ ಕಾಳು ಇಲ್ಲದೆ ನಮ್ಮಲ್ಲಿ ಹಬ್ಬದ ಊಟಕ್ಕೆ ಕೂರುವುದು ಹೇಗೆ? ಅಲ್ಲೇ ಅತ್ತುಬಿಟ್ಟೆ.

ನೀವು ನಿಮ್ಮ ತೆನೆಯನ್ನೇ ಮುರಿದು ಅರ್ಧ ಕೊಟ್ಟಿರಿ. ಸುಮ್ನೆ ಕೊಟ್ಟು ಹೋಗಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿದಿರಿ. ಆಮೇಲೆ ಕೊಂಕಣಿಯಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬಾಯೆ, ನಾನೂ ಗಂಡನನ್ನು ಹನ್ನೊಂದು ವರ್ಷ ನೋಡಿಕೊಂಡೆ. ಯಾರೋ ಹೊರಿಸಿದ ಭಾರ ಅಂದುಕೊಂಡಾಗ ಸುಸ್ತಾಗುತ್ತಿತ್ತು. ದೇವರು ನನ್ನ ಕೈಗೇ ಕೊಟ್ಟ ಕೆಲಸ ಅಂತ ತಿಳಿದ ಮೇಲೆ ಕೈಗೆ ಬಲ ಬಂತು."

ಕೆಲಸ ಅವತ್ತಿಗೂ ಇವತ್ತಿಗೂ ಅಷ್ಟೇ ಇದೆ. ರಾತ್ರಿ ನಿದ್ದೆ ಕಮ್ಮಿಯೇ. ಆದರೆ ಈಗ ಗಂಜಿ ಕಲಸುವಾಗ ನಾನು ಪ್ರಾರ್ಥಿಸುತ್ತೇನೆ. ಮಗಳೂ ಬಂದು ಅಜ್ಜಿಯ ಕಾಲು ಒತ್ತುತ್ತಾಳೆ, ಯಾರೂ ಹೇಳದೆ.

ಅವತ್ತು ನಿಮ್ಮ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿದೆವು. ಮೊದಲ ಚಮಚ ಅತ್ತೆಗೇ ಕೊಟ್ಟೆ. ತುಂಬಾ ದಿನದ ಮೇಲೆ ಅವರು ನಕ್ಕರು. ಆ ನಗು ನಿಮ್ಮದು ಅಕ್ಕ, ಧನ್ಯವಾದ.