ಬುತ್ತಿ ಕಟ್ಟಿಕೊಂಡು ಕೋರ್ಟಿಗೆ

ಸ್ನೇಹಿತರೇ,

ಹೋದ ತಿಂಗಳು ರಜೆಗೆ ಕೊಪ್ಪಳಕ್ಕೆ ಹೋಗಿದ್ದೆ. ಹೊಲದ ಕೇಸಿಗೆಂದು ಬೆಳಗ್ಗೆ ಧಾರವಾಡದ ಬಸ್ಸು ಹತ್ತಿದ ಚಿಕ್ಕಪ್ಪ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿದ್ದರು. ಕಂಕುಳಲ್ಲಿ ಅದೇ ಹಳೆಯ ಖಾಕಿ ಚೀಲ. ಒಳಗೆ ಪಹಣಿ, ಕೋರ್ಟಿನ ಕಾಗದ, ರೊಟ್ಟಿ ಕಟ್ಟಿದ್ದ ಬಟ್ಟೆ. ಒಂದು ಕಾಲಕ್ಕೆ ಅಪ್ಪ ಇದೇ ಚೀಲ ಹಿಡಿದು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಹೋಗುತ್ತಿದ್ದರು. ಎದುರಿನವರು ವಾಯಿದೆ ತಗೊಂಡರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. 2008ರ ಜುಲೈನಲ್ಲಿ ಹೈಕೋರ್ಟ್ ಪೀಠಗಳು ಶುರುವಾದವು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ, ರಾಯಚೂರಿನವರಿಗೆ ಕಲಬುರಗಿ. ನಮ್ಮ ಸಂಘದಲ್ಲೂ ಎಷ್ಟೋ ಜನರ ಮನೆಯಲ್ಲಿ ಇಂಥ ಚೀಲ ಇದ್ದೀತು.

ಊಟಕ್ಕೆ ಕೂತಾಗ, ವೆಸ್ಟ್ ಇಂಡೀಸ್ ಅಂತೀವಲ್ಲ, ಆ ಕೆರಿಬಿಯನ್ ಕಡೆಯ ಕೋರ್ಟಿನ ಮಾತು ತೆಗೆದೆ. ಅಲ್ಲಿನ ಕೆಲವು ದೇಶಗಳ ಜನ ನಮ್ಮ ಒಂದು ತಾಲೂಕಿಗಿಂತ ಕಮ್ಮಿ. ಹಾಗಾಗಿ ಅಕ್ಕಪಕ್ಕದವರು ಸೇರಿ 2005ರಲ್ಲಿ ಒಂದೇ ಕೆರಿಬಿಯನ್ ನ್ಯಾಯಾಲಯ ಶುರುಮಾಡಿದರು. ಬಾರ್ಬಡೋಸ್, ಗಯಾನಾ, ಬೆಲೀಜ್, ಡೊಮಿನಿಕಾ, ಸೇಂಟ್ ಲೂಸಿಯಾ ದೇಶಗಳಿಗೆ ಈಗ ಅದೇ ಕೊನೆಯ ಅಪೀಲು.

"ಜಡ್ಜರಿಗೆ ಪಗಾರ ಯಾರು ಕೊಡ್ತಾರ?" ಚಿಕ್ಕಪ್ಪನ ಮೊದಲ ಪ್ರಶ್ನೆ. ಸರಿಯಾದ ಜಾಗಕ್ಕೇ ಕೈ ಹಾಕಿದರು. ದೇಶಗಳು ಮೊದಲೇ 10 ಕೋಟಿ ಡಾಲರ್ ನಿಧಿ ಕೂಡಿಸಿ ಟ್ರಸ್ಟಿಗಳ ಕೈಗೆ ಕೊಟ್ಟಿವೆ. ಖರ್ಚೆಲ್ಲ ಅದರಿಂದ. ತೀರ್ಪು ಹಿಡಿಸಲಿಲ್ಲ ಅಂತ ಯಾವ ಸರ್ಕಾರವೂ ಹಣ ತಡೆದು ಹೆದರಿಸುವ ಹಾಗಿಲ್ಲ. ನನಗೆ ಈ ಏರ್ಪಾಡು ತುಂಬಾ ಇಷ್ಟ. ಆ ಕಡೆಯ ಪೂರ್ವದ ದ್ವೀಪಗಳಿಗೆ 1967ರಿಂದ ಇನ್ನೊಂದು ಜಂಟಿ ಕೋರ್ಟಿದೆ. ಅದರ ಅಪೀಲು ಜಡ್ಜರು ದ್ವೀಪದಿಂದ ದ್ವೀಪಕ್ಕೆ ತಾವೇ ಹೋಗಿ ಕೇಸು ಕೇಳುತ್ತಾರೆ.

"ಜಡ್ಜರು ಊರಿಗೆ ಬರ್ತಾರ?" ಚಿಕ್ಕಪ್ಪ ರೊಟ್ಟಿ ಮುರಿಯುವುದು ಬಿಟ್ಟು ನನ್ನನ್ನೇ ನೋಡಿದರು.

ಬೇಜಾರಿನ ಸಂಗತಿ ಇನ್ನೊಂದಿದೆ. ಕೆರಿಬಿಯನ್ ನ್ಯಾಯಾಲಯ ಇರುವುದು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಆದರೆ ಟ್ರಿನಿಡಾಡಿನ ಕೊನೆಯ ಅಪೀಲು ಈಗಲೂ ಹೋಗುವುದು ಲಂಡನ್ನಿನ ಪ್ರಿವಿ ಕೌನ್ಸಿಲ್‌ ಅನ್ನುವ ಬ್ರಿಟಿಷರ ಕಾಲದ ಅಪೀಲು ಕೋರ್ಟಿಗೆ!

"ಮನಿ ಮುಂದ ಕೋರ್ಟ್ ಇಟ್ಕೊಂಡು ಅಷ್ಟು ದೂರ ಯಾಕ?"

ದೂರದ ಜಡ್ಜರಿಗೆ ನಮ್ಮ ಜಾತಿ, ಪಕ್ಷ, ನೆಂಟಸ್ತಿಕೆ ಯಾವುದೂ ಗೊತ್ತಿರಲ್ಲ, ಅದಕ್ಕೇ ನಂಬಿಕೆ ಅನ್ನುವವರು ಅಲ್ಲಿದ್ದಾರೆ ಅಂದೆ. ಆ ಅಂಜಿಕೆ ನನಗೂ ಅರ್ಥವಾಗುತ್ತದೆ. ನಮ್ಮ ದೇಶದ ಅಪೀಲುಗಳೂ 1949ರವರೆಗೆ ಅಲ್ಲಿಗೇ ಹೋಗುತ್ತಿದ್ದವಲ್ವಾ? ಆದರೆ ಲಂಡನ್ನಿಗೆ ಕೇಸು ಒಯ್ಯಲು ದುಡ್ಡು ಬೇಕು. ಇಲ್ಲದವನು ಕೆಳಗಿನ ಕೋರ್ಟಿನಲ್ಲಿ ಸೋತರೆ ಸೋತ ಹಾಗೆಯೇ. ಟ್ರಿನಿಡಾಡಿನವರು ತಮ್ಮೂರಿನ ಕೋರ್ಟನ್ನು ನಂಬಲಿ ಅಂತ ನನ್ನ ಆಸೆ.

ಚಿಕ್ಕಪ್ಪ ಕೈ ತೊಳೆದು ಬಂದು ಚೀಲವನ್ನು ಗೂಟಕ್ಕೆ ಹಾಕಿದರು. ಮುಂದಿನ ತಾರೀಖು ದೀಪಾವಳಿ ಆದ ಮೇಲೆ.