ಮಗಳಿಗೊಂದು ಪತ್ರ: ಗ್ರೇಡ್ ನೋಡಿ ಮಾತ್ರೆ ಕೇಳಬೇಡ

ಮಗಳೇ,

ನೀನು ಕಳಿಸಿದ ಸ್ಕ್ಯಾನ್ ರಿಪೋರ್ಟ್ ನೋಡಿದೆ. 'ಫ್ಯಾಟಿ ಲಿವರ್, ಗ್ರೇಡ್ 1' ಅನ್ನುವ ಸಾಲಿನ ಸುತ್ತ ಕೆಂಪು ಗೆರೆ ಎಳೆದು, 'ಅಮ್ಮಾ, ಯಾವ ಮಾತ್ರೆ ತಗೊಳ್ಳಲಿ?' ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನನ್ನ ರಿಪೋರ್ಟಿನಲ್ಲೂ ಇದೇ ಸಾಲು ಇತ್ತು. ಆಗ ಒಂದು ಲಿವರ್ ಟಾನಿಕ್ ಬರೆದುಕೊಟ್ಟರು. ಎರಡು ವರ್ಷ ಒಂದು ಹೊತ್ತೂ ತಪ್ಪಿಸದೆ ಕುಡಿದೆ. ಔಷಧಿ ನಡೀತಿದೆಯಲ್ಲ ಅಂತ ತೂಕ, ಶುಗರ್ ಎರಡರ ಕಡೆಗೂ ಗಮನ ಕೊಡಲಿಲ್ಲ. ಅಷ್ಟರಲ್ಲಿ ಲಿವರ್ ಒಳಗೆ ಗಾಯದ ಕಲೆ ಕಟ್ಟುತ್ತಿತ್ತು. ಆ ಎರಡು ವರ್ಷ ನೆನೆದರೆ ಈಗಲೂ ಸಂಕಟವಾಗುತ್ತದೆ.

ಸ್ಕ್ಯಾನಿನ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ, ಅಷ್ಟೇ. ಔಷಧಿ ಬೇಕಾ ಬೇಡ್ವಾ ಅಂತ ತಿಳಿಯಬೇಕಾದರೆ ಕಲೆ ಎಷ್ಟಿದೆ ಅಂತ ನೋಡಬೇಕು. ಡಾಕ್ಟರು ಅದನ್ನು ಫೈಬ್ರೋಸಿಸ್ ಅನ್ನುತ್ತಾರೆ. ಎಫ್0 ಇಂದ ಎಫ್4 ತನಕ ಹಂತಗಳಿವೆ, ಎಫ್4 ಅಂದರೆ ಸಿರೋಸಿಸ್, ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾದ ಸ್ಥಿತಿ. ಗ್ರೇಡ್ 1 ಇದ್ದವರಿಗೂ ಕಲೆ ಜಾಸ್ತಿ ಇರಬಹುದು, ಗ್ರೇಡ್ 3 ಇದ್ದವರಿಗೆ ಇಲ್ಲದೆಯೂ ಇರಬಹುದು.

ನಿನ್ನ ವಯಸ್ಸು, ರಕ್ತ ಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ ಅನ್ನುವ ಎರಡು ಲಿವರ್ ಅಂಕಿ, ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕರಿಂದ ಫಿಬ್-4 ಅನ್ನುವ ಲೆಕ್ಕ ಹಾಕುತ್ತಾರೆ. 1.3ಕ್ಕಿಂತ ಕಡಿಮೆ ಬಂದರೆ ಕಲೆ ಜಾಸ್ತಿ ಇರುವ ಸಂಭವ ಕಡಿಮೆ. ಮೇಲೆ ಹೋದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಹೊರಗಿಂದಲೇ ಅಳೆಯುವ ಸ್ಕ್ಯಾನ್. ಹೆದರಬೇಡ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಬಲಗೈ ತಲೆಯ ಹಿಂದಿಟ್ಟು ಮಲಗಿಸುತ್ತಾರೆ, ಪಕ್ಕೆಲುಬಿನ ನಡುವೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಆಮೇಲೆ ಯಾರೋ ಬೆರಳಿನಿಂದ ಟಕ್ ಟಕ್ ಅಂತ ಚಿಮ್ಮಿದ ಹಾಗಾಗುತ್ತದೆ, ಹತ್ತು ಸಲ. ನೋವಿಲ್ಲ. ನನಗೆ ಎಫ್2 ಅಂತ ಗೊತ್ತಾಗಿದ್ದು ಅಲ್ಲೇ.

ಈಗ ಔಷಧಿಯ ಮಾತು. ಈ ಕಾಯಿಲೆಗೇ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಮಾತ್ರೆಗೆ ಒಪ್ಪಿಗೆ ಕೊಟ್ಟಿದ್ದು 2024ರ ಮಾರ್ಚ್‌ನಲ್ಲಿ. ಹೆಸರು ರೆಸ್ಮೆಟಿರಾಮ್. ಲಿವರ್ ಒಳಗೆ ಥೈರಾಯ್ಡ್ ಹಾರ್ಮೋನಿನ ಕೆಲಸ ಮಾಡಿ ಕೊಬ್ಬು ಕರಗಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್‌ಗೂ ಒಪ್ಪಿಗೆ ಸಿಕ್ಕಿತು, ವಾರಕ್ಕೊಂದು ಇಂಜೆಕ್ಷನ್. ಎರಡೂ ಇರುವುದು ಲಿವರಿನ ಉರಿಯೂತದ ಜೊತೆ ಎಫ್2, ಎಫ್3 ಕಲೆ ಇರುವವರಿಗೆ. ರೆಸ್ಮೆಟಿರಾಮ್ ಪ್ರಯೋಗದಲ್ಲಿ 100 ಮಿಲಿಗ್ರಾಂ ತಗೊಂಡವರಲ್ಲಿ ವರ್ಷದ ಕೊನೆಗೆ ನೂರಕ್ಕೆ ಸುಮಾರು 30 ಜನರಿಗೆ ಉರಿಯೂತ ಹೋಯಿತು, ಮದ್ದಿಲ್ಲದ ಮಾತ್ರೆ ತಗೊಂಡವರಲ್ಲಿ ಸುಮಾರು 10 ಜನರಿಗೆ. ಸೆಮಾಗ್ಲುಟೈಡ್‌ನಲ್ಲಿ 72 ವಾರಕ್ಕೆ ಸುಮಾರು 63, ಅದಿಲ್ಲದೆ 34. ಒಳ್ಳೆಯ ಔಷಧಿಗಳೇ, ಆದರೆ ಎಲ್ಲರಿಗೂ ಕೆಲಸ ಮಾಡುವುದಿಲ್ಲ ಅಂತ ಈ ಅಂಕಿಯಲ್ಲೇ ಕಾಣುತ್ತದೆ ಅಲ್ವಾ?

ನಾನು ಸೆಮಾಗ್ಲುಟೈಡ್ ತಗೊಳ್ಳುತ್ತಿದ್ದೇನೆ. ಮೊದಲ ತಿಂಗಳು ಬೆಳಗಾದರೆ ಹೊಟ್ಟೆ ತೊಳಸುತ್ತಿತ್ತು. ನಿನಗೆ ಇನ್ನೊಂದು ಮಾತಿದೆ. ಎರಡನೇ ಮಗುವಿನ ಯೋಚನೆ ಇದೆ ಅಂದಿದ್ದೆಯಲ್ಲ, ಗರ್ಭಿಣಿಯಾಗುವುದಕ್ಕೆ ಎರಡು ತಿಂಗಳು ಮುಂಚೆಯೇ ಇದನ್ನು ನಿಲ್ಲಿಸಬೇಕು. ಯಾರಾದರೂ ಇದನ್ನು ಬರೆದರೆ ಆ ವಿಷಯ ಮರೆಯದೆ ಹೇಳು.

ಪಯೋಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆ, ವಿಟಮಿನ್ ಇ ಕೂಡ ಕೆಲವರಿಗೆ ಕೊಡುತ್ತಾರೆ. ಮೊದಲನೆಯದರಿಂದ ತೂಕ ಏರುತ್ತದೆ, ಮೂಳೆ ದುರ್ಬಲವಾಗಬಹುದು. ವಿಟಮಿನ್ ಅಂತ ಸುಮ್ನೆ ಅಂಗಡಿಯಿಂದ ತಂದು ಜಾಸ್ತಿ ಡೋಸ್ ನುಂಗಬೇಡ. ಮೆಟ್‌ಫಾರ್ಮಿನ್ ಶುಗರಿಗೆ ಸರಿ, ಲಿವರಿನ ಕಲೆಗಲ್ಲ.

ನಿನ್ನ ಕಲೆ ಎಫ್0, ಎಫ್1ರಲ್ಲೇ ಇದ್ದರೆ ಸದ್ಯಕ್ಕೆ ಮಾತ್ರೆ ಬೇಡ. ತೂಕ ನೂರಕ್ಕೆ 5 ಇಳಿದರೆ ಕೊಬ್ಬು ಕರಗುತ್ತದೆ, 7ರಿಂದ 10 ಇಳಿದರೆ ಉರಿಯೂತ, ಕಲೆ ಎರಡೂ ತಗ್ಗಬಹುದು. ನೀನು 70 ಕಿಲೋ ಇದ್ದೀಯ, ಅಂದರೆ ಐದರಿಂದ ಏಳು ಕಿಲೋ. ಕಷ್ಟ, ನನಗೆ ಗೊತ್ತು.

ರಕ್ತದ ರಿಪೋರ್ಟ್ ಕೈಗೆ ಬಂದ ದಿನ ನನಗೆ ಕಳಿಸು. ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರುತ್ತೇನೆ.

ನಿನ್ನ ಅಮ್ಮ