ಬೂಟು ಕಳಚುವ ಮುಂಚೆ

ಫುಟ್‌ಬಾಲ್ ಆಡುವ ಗೆಳೆಯರೇ, ಮೂವತ್ತು ದಾಟಿದವರು ಇದನ್ನು ಪೂರ್ತಿ ಓದಿ, ಇಪ್ಪತ್ತರ ಹುಡುಗರು ಎರಡು ಸಲ ಓದಿ.

ಕ್ಲಬ್ ಜೊತೆ ಸಹಿ ಹಾಕುವ ಮೊದಲು, ಗಾಯವಾದರೆ ಸಂಬಳ ಎಷ್ಟು ತಿಂಗಳು, ಆಪರೇಷನ್ ಖರ್ಚು ಯಾರದು ಅನ್ನೋ ಸಾಲನ್ನು ಒಪ್ಪಂದದಲ್ಲಿ ಹುಡುಕಿ. ಇಲ್ಲದಿದ್ದರೆ ಕೇಳಿ ಬರೆಸಿ. ಬಾಯಿಮಾತು ನಂಬಿ ಕೆಟ್ಟವನು ನಾನು. ಮಂಡಿಯ ಲಿಗಮೆಂಟ್ ಹರಿದ ಮೇಲೆ ಮ್ಯಾನೇಜರ್ ಫೋನೇ ಎತ್ತಲಿಲ್ಲ.

ತಲೆಗೆ ಪೆಟ್ಟು ಬಿದ್ದರೆ 'ಏನೂ ಆಗಿಲ್ಲ' ಅಂತ ಎದ್ದು ಓಡಬೇಡಿ. ಗ್ಲಾಸ್ಗೋ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ, ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರು ಡಿಮೆನ್ಷಿಯಾದಂಥ ಮಿದುಳಿನ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಕಂಡುಬಂತು. ಹೆಡರ್ (ಚೆಂಡನ್ನು ತಲೆಯಿಂದ ಹೊಡೆಯೋದು) ಅಭ್ಯಾಸ ಕಡಿಮೆ ಮಾಡೋಣ ಅಂತ ಕೋಚ್‌ಗೆ ಹೇಳುವುದು ಹೇಡಿತನವಲ್ಲ.

ಆಟ ನಿಂತ ಮೇಲೂ ಬೆಳಗ್ಗೆ ಆರಕ್ಕೆ ಎಚ್ಚರವಾಗುತ್ತದೆ, ಹೋಗುವುದಕ್ಕೆ ಮಾತ್ರ ಮೈದಾನವಿರುವುದಿಲ್ಲ. ಮನಸ್ಸು ಕುಸಿಯೋದು ಆಗಲೇ. ಕೌನ್ಸೆಲರ್ ಹತ್ತಿರ ಹೋಗಿ, ನಾನೂ ಹೋಗಿದ್ದೆ. ಆಡುತ್ತಿರುವಾಗಲೇ ಕೋಚಿಂಗ್ ಲೈಸೆನ್ಸ್ ಮಾಡಿಕೊಳ್ಳಿ, ಇಲ್ಲವೇ ಅರ್ಧಕ್ಕೆ ಬಿಟ್ಟ ಡಿಗ್ರಿ ಮುಗಿಸಿ. (ಎಲ್ಲರೂ ಟೀವಿ ಕಾಮೆಂಟರಿಗೆ ಕೂರೋಕಾಗಲ್ಲ, ಇರೋದೇ ಎರಡು ಕುರ್ಚಿ!)

ಆಟಗಾರರ ಸಂಘದ ಸದಸ್ಯರಾಗಿ. ಇಂಗ್ಲೆಂಡಿನದು 1907ರಿಂದ ಇದೆ, ಜಾಗತಿಕ ಒಕ್ಕೂಟ ಫಿಫ್‌ಪ್ರೋ 1965ರಿಂದ.

ಒಪ್ಪಂದದ ಫೋಟೋ ಗುಂಪಿಗೆ ಹಾಕಬೇಡಿ, ನನಗೆ ಪ್ರತ್ಯೇಕವಾಗಿ ಕಳಿಸಿ.